ಯಜಮಾನರ ಎಡಗೈ

ಬಿದ್ದ ಕೈಗೆ ಮತ್ತೆ ಕೆಲಸ ಕಲಿಸೋ ಕಾಂಪೌಂಡರಿಗೆ ರೋಗಿಯ ಕಾಟ ಕಾಲು ಪಾಲು, ಮನೆಯವರ ಕಾಟ ಮುಕ್ಕಾಲು ಪಾಲು. ನಯಾ ಪೈಸೆ ಬಂದ ಹೊಸದರಲ್ಲಿ ನಾನು ಶಿಕಾರಿಪುರದ ಡಾಕ್ಟರರೊಬ್ಬರ ಹತ್ತಿರ ಇದ್ದೆ. ಅಕ್ಕಿ ವ್ಯಾಪಾರದ ಯಜಮಾನರೊಬ್ಬರಿಗೆ ಲಕ್ವ ಹೊಡೆದು ಎಡಗೈ ಬಿದ್ದುಹೋಯ್ತು.

"ಬೇರೇನೂ ಬೇಡ ರೀ," ಅಂದರು. "ಪೂಜೆಗೆ ಕೂತಾಗ ಈ ಎಡ ಅಂಗೈ ಮೇಲೆ ಇಷ್ಟಲಿಂಗ ನಿಂತರೆ ಸಾಕು. ಈಗ ಮಗ ಕೆಳಗಿಂದ ಕೈ ಹಿಡ್ಕೊಂಡು ಕೂರ್ತಾನೆ. ನನ್ನ ದೇವರನ್ನ ನಾನು ಹಿಡಿಯಕ್ಕಾಗಲ್ವಲ್ಲ!"

ದಿನಾ ಬರ್ತೀನಿ ಅಂದೆ. ಅಲ್ಲಿಂದ ಶುರುವಾಯ್ತು ನನ್ನ ಗ್ರಹಚಾರ.

೧. ಹಿಟ್ಟಿನ ಉಂಡೆ

ಗೋಧಿಹಿಟ್ಟಿನ ಉಂಡೆ ಮಾಡಿಸಿ, ದಿನಾ ನೂರು ಸಲ ಹಿಸುಕಿ ಅಂದೆ. ಹದಿನೈದು ದಿನವಾದರೂ ಬೆರಳು ಮಡಚಲಿಲ್ಲ. ಒಂದಿನ ಹೊತ್ತಿಗೆ ಮುಂಚೆ ಹೋದರೆ, ಯಜಮಾನರು ದಿಂಬಿಗೆ ಒರಗಿ ಎಣಿಸ್ತಾ ಇದಾರೆ, "ಎಪ್ಪತ್ತೆರಡು, ಎಪ್ಪತ್ತಮೂರು..." ಹಿಸುಕ್ತಾ ಇರೋಳು ಸೊಸೆ!

"ಏನಮ್ಮಾ ಇದು?"

"ಮಾವಾರ ಕೈ ಸೋಲತ್ತೆ ರೀ. ಅದಕ್ಕೆ ನಾನೇ ಮುಗಿಸ್ತಿದೀನಿ."

ಆ ಹೊತ್ತಿಗೆ ಅವಳ ಕೈ ಎಷ್ಟು ಗಟ್ಟಿಯಾಗಿತ್ತು ಅಂದರೆ, ಅವಳು ಮುಚ್ಚಿದ ಡಬ್ಬಿ ತೆಗೆಯೋರು ಆ ಮನೇಲಿ ಯಾರೂ ಇರಲಿಲ್ಲ.

೨. ಸೊರಬದ ಬೀಗರು

ಸೊಸೆ ಕೈಯಿಂದ ಉಂಡೆ ಬಿಡಿಸಿದ ಮೇಲೆ ಯಜಮಾನರ ಬೆರಳು ಅಷ್ಟಿಷ್ಟು ಮಡಚಿತು. ಆದರೆ ಬಲಗೈ ಸುಮ್ಮನಿದ್ದರೆ ತಾನೆ ಎಡಗೈ ದುಡಿಯೋದು? ಬಲಗೈಯನ್ನ ಪಂಚೆಯಲ್ಲಿ ಎದೆಗೆ ಕಟ್ಟಿ, ಕೊಡೋದು ತಗೊಳ್ಳೋದು ಎಲ್ಲಾ ಎಡಗೈಲೇ ಅಂತ ಕಟ್ಟಪ್ಪಣೆ ಮಾಡಿದೆ. ಅವತ್ತೇ ಸೊಸೆಯ ತಂದೆ ಸೊರಬದಿಂದ ಬರಬೇಕೆ! ಯಜಮಾನರು ನಡುಗೋ ಎಡಗೈಲಿ ಎಲೆ ಅಡಿಕೆ ಕೊಟ್ಟರು. ಬೀಗರು ಎದ್ದೇ ಬಿಟ್ಟರು.

"ನಾವೇನು ಭಿಕ್ಷಕ್ಕೆ ಬಂದಿದೀವಾ? ಹೆಣ್ಣು ಕೊಟ್ಟೋರು ರೀ ನಾವು!"

ಆ ಕೈ ಎಲೆ ಎತ್ತಿತಲ್ಲ ಅಂತ ಕುಣಿಯೋದು ಬಿಟ್ಟು, ಮಾರನೇ ದಿನ ಬಸ್ಸು ಹತ್ತಿ ಸೊರಬಕ್ಕೆ ಹೋಗಿ, "ತಪ್ಪು ನಂದೇ" ಅಂತ ಕೈಮುಗಿದೆ. ಬೀಗರು ಕಾಫಿ ಕೊಟ್ಟರು. ಬಲಗೈಯನ್ನ ಎರಡು ಸಲ ತೋರಿಸಿ ಕೊಟ್ಟರು.

೩. ಪೂಜೆಯ ದಿನ

ಮೂರು ತಿಂಗಳಾಗಿರಬೇಕು. ನಾನು ಹೋದಾಗ ಯಜಮಾನರು ಪೂಜೆಗೆ ಕೂತಿದ್ದರು. ಅಂಗೈಲಿ ಲಿಂಗ, ಕೆಳಗೆ ಮಗನ ಕೈ.

"ಕೈ ತೆಗಿಯೋ," ಅಂದರು.

"ಬಿದ್ರೆ, ಅಪ್ಪಾಜಿ?"

"ತೆಗಿಯೋ ಅಂದೆ!"

ಮಗ ತೆಗೆದ. ಅಂಗೈ ಒಂದು ಸಲ ನಡುಗಿತು, ಆಮೇಲೆ ನಿಂತಿತು. ಪತ್ರೆ ಏರಿಸಿದರು, ಆರತಿ ಎತ್ತಿದರು, ಕೈ ಜಗ್ಗಲಿಲ್ಲ. ಸೊಸೆ ಸೆರಗಲ್ಲಿ ಕಣ್ಣೊರೆಸಿಕೊಂಡಳು.

ಪೂಜೆ ಮುಗಿಸಿದ ಯಜಮಾನರು ಎಲೆ ಅಡಿಕೆ ಎತ್ತಿಕೊಂಡು ಹೆಮ್ಮೆಯಿಂದ ನನ್ನ ಕಡೆ ಎಡಗೈ ಚಾಚಿದರು. ನಾನು ಫಕ್ಕನೆ ಕೈ ಹಿಂದಕ್ಕೆ ಎಳೆದುಕೊಂಡೆ.

"ಛೆ ಛೆ! ಒಳ್ಳೇ ದಿನ ಎಡಗೈಲಿ ಕೊಡೋದಾ, ಯಜಮಾನ್ರೇ?"

ಅವರು ಕೈ ಇಳಿಸಲಿಲ್ಲ. ಮಗನ ಕಡೆ ತಿರುಗಿ ಅಂದರು, "ಆ ಪಂಚೆ ತಗೊಂಬಾರೋ. ಮೊದಲು ಈ ಕಾಂಪೌಂಡರ ಬಲಗೈ ಕಟ್ಟು!"