ಪಟ್ಟೆ ಬಂದರೆ ಹೋಳಿಗೆ

ತನ್ನ ಕೋಳಿ ಕೂಗದಿದ್ದರೆ ಊರಿಗೆ ಬೆಳಗಾಗುವುದಿಲ್ಲ ಎಂದುಕೊಂಡಿದ್ದ ಮುದುಕಿಯ ಕಥೆ ಕೇಳಿ ನಗುವವರಲ್ಲಿ ನಾನೂ ಒಬ್ಬ. ಆ ಮುದುಕಿಗೆ ತನ್ನ ಕೋಳಿಯ ಬಗ್ಗೆ ಇದ್ದದ್ದು ಬರೀ ನಂಬಿಕೆ. ನನಗೆ ನನ್ನ ಬಗ್ಗೆ ಇರುವುದು ಖಾತ್ರಿ. ಪುಣೆಯ ಕಾತ್ರಜದ ನಮ್ಮ ಹೌಸಿಂಗ್ ಸೊಸೈಟಿಗೆ ನೀರಿನ ಟ್ಯಾಂಕರ್ ಬಂದಾಗ ಕೆಳಗಿಳಿದು ನಿಂತು ನೋಡುವವನು ನಾನೇ. ನಾನು ನೋಡದಿದ್ದರೆ ನೀರು ತೊಟ್ಟಿಗೆ ಇಳಿಯುವುದಿಲ್ಲವೆಂದಲ್ಲ, ಅಕಸ್ಮಾತ್ ಇಳಿಯದೇ ಹೋದರೆ? ಗ್ಯಾಸ್ ಸಿಲಿಂಡರನ್ನು ಅಲ್ಲಾಡಿಸಿ ಇನ್ನೆಷ್ಟು ದಿನ ಬಂದೀತು ಎಂದು ಹೇಳುವವನೂ ನಾನೇ. ನಾನು ಕೆಲಸ ಮಾಡುವ ಪ್ರಯೋಗಾಲಯದಲ್ಲಿ ಒಂದು ಹಳೆಯ ಫ್ರಿಜ್ ಇದೆ. ಅದರ ಬಾಗಿಲನ್ನು ಸ್ವಲ್ಪ ಮೇಲಕ್ಕೆತ್ತಿ ಮೊಣಕಾಲಿನಿಂದ ಒತ್ತಿದರೆ ಮಾತ್ರ ಅದು ಸರಿಯಾಗಿ ಮುಚ್ಚುತ್ತದೆ, ಆ ವಿದ್ಯೆ ನನಗೊಬ್ಬನಿಗೇ ಒಲಿದಿದೆ. ಇದನ್ನೆಲ್ಲ ಹೆಂಡತಿ ಶಾರದಾಳ ಮುಂದೆ ಹೇಳಿದಾಗ ಅವಳು ಎದುರಾಡುವುದಿಲ್ಲ. ಸೊಪ್ಪು ಬಿಡಿಸುತ್ತಾ 'ಹೌದ್ರಿ' ಎನ್ನುತ್ತಾಳೆ. ಆ 'ಹೌದ್ರಿ'ಯನ್ನು ಒಪ್ಪಿಗೆ ಎಂದೇ ನಾನು ಇಷ್ಟು ವರ್ಷ ತಿಳಿದಿದ್ದೆ.

ನಾನು ಇಂಡಿ ಕಡೆಯವನು, ಪುಣೆಗೆ ಬಂದು ಅರ್ಧ ಆಯುಷ್ಯವಾಯಿತು. ಅಡ್ಡಹೆಸರು ಪಾಟೀಲ ಆದ್ದರಿಂದ ಬಾಯಿ ತೆರೆಯುವವರೆಗೆ ಇಲ್ಲಿನವರು ನನ್ನನ್ನು ತಮ್ಮವನೆಂದೇ ತಿಳಿಯುತ್ತಾರೆ. ತೆರೆದ ಮೇಲೆ 'ಸೋಲಾಪುರದವರಾ?' ಎಂದು ಕೇಳುತ್ತಾರೆ. ಕೆಲಸ ಒಂದು ಸಂಶೋಧನಾ ಸಂಸ್ಥೆಯಲ್ಲಿ. ಇಲಿಯ ಸ್ನಾಯುವಿನಲ್ಲಿ ಒಂದು ಪ್ರೋಟೀನು ಇದೆಯೋ ಇಲ್ಲವೋ ಎಂದು ಹುಡುಕುವುದು ನನ್ನ ಕಸುಬು. ಸ್ನಾಯುವನ್ನು ಅರೆದು, ಅದರ ರಸವನ್ನು ಒಂದು ತೆಳುವಾದ ಜೆಲ್ಲಿಯಲ್ಲಿ ಹರಿಸಿದರೆ ಪ್ರೋಟೀನುಗಳು ತಮ್ಮ ತಮ್ಮ ತೂಕದ ಪ್ರಕಾರ ಸಾಲಾಗಿ ನಿಲ್ಲುತ್ತವೆ. ಅವನ್ನು ಒಂದು ಬಿಳಿ ಕಾಗದದಂಥ ಹಾಳೆಗೆ ಇಳಿಸಿಕೊಂಡು, ಹಾಳೆಯನ್ನು ಹಾಲಿನ ಪುಡಿ ಕದಡಿದ ನೀರಿನಲ್ಲಿ ನೆನೆಹಾಕಬೇಕು. ಹಾಲು ಖಾಲಿ ಜಾಗಗಳನ್ನೆಲ್ಲ ಮುಚ್ಚಿಬಿಡುತ್ತದೆ. ಆಮೇಲೆ ನಮಗೆ ಬೇಕಾದ ಪ್ರೋಟೀನನ್ನು ಮಾತ್ರ ಗುರುತು ಹಿಡಿದು ಅಂಟಿಕೊಳ್ಳುವ ಆಂಟಿಬಾಡಿಯನ್ನು ಹಾಕುವುದು. ಅದು ಅಂಟಿದ್ದು ಕಣ್ಣಿಗೆ ಕಾಣಿಸದಾದ್ದರಿಂದ, ಅದಕ್ಕೆ ಅಂಟಿಕೊಂಡು ಬೆಳಕು ಕೊಡುವ ಎರಡನೆಯ ಆಂಟಿಬಾಡಿಯೊಂದನ್ನು ಅದರ ಬೆನ್ನಿಗೆ ಕಳಿಸುವುದು. ಎಲ್ಲ ಸರಿ ಹೋದರೆ ಯಂತ್ರದ ಪರದೆಯ ಮೇಲೆ ಒಂದು ಕರಿ ಪಟ್ಟೆ ಮೂಡುತ್ತದೆ. ಇದನ್ನೆಲ್ಲ ಒಂದು ಭಾನುವಾರ ಶಾರದಾಳಿಗೆ ಬಿಡಿಸಿ ಹೇಳಿದೆ. ಅವಳಿಗೆ ಹಾಲೊಂದೇ ನೆನಪಿನಲ್ಲಿ ಉಳಿಯಿತು.

"ಏನ್ರಿ, ಮನ್ಯಾಗ ಒಂದಿನಾ ಹಾಲು ಕಾಸಿದವರಲ್ಲ, ಅಲ್ಲಿ ಕಾಗದಕ್ಕ ಹಾಲು ಕುಡಸ್ತೀರೇನು?" ಎಂದಳು.

ಈ ಪಟ್ಟೆಯ ಮೇಲೆ ಕಳೆದ ವರ್ಷ ನನ್ನ ಮಾನ ನಿಂತಿತ್ತು. ನಮ್ಮ ವಿಭಾಗದ ಮುಖ್ಯಸ್ಥೆ ದೇಶಪಾಂಡೆ ಮೇಡಂ ಒಂದು ದಿನ ಕರೆದು, ಚಹಾ ಕೊಟ್ಟು, ಮೆತ್ತಗೆ ವಿಷಯಕ್ಕೆ ಬಂದರು. ಚಹಾ ಕೊಟ್ಟಾಗಲೇ ನನಗೆ ಅನುಮಾನ ಬಂದಿತ್ತು. ಮುಂದಿನ ಪರಿಶೀಲನಾ ಸಭೆಯಲ್ಲಿ ಈ ಪ್ರೋಟೀನಿನ ಬಗ್ಗೆ ತೋರಿಸಲು ಏನೂ ಇಲ್ಲದಿದ್ದರೆ ಕೆಲಸವನ್ನು ಅಲ್ಲಿಗೇ ನಿಲ್ಲಿಸಿ ನನ್ನನ್ನು ಸ್ಟೋರಿಗೆ ಕಳಿಸಬೇಕಾದೀತು ಎಂದರು. ಸ್ಟೋರೆಂದರೆ ನೆಲಮಾಳಿಗೆ, ಬಾಟಲಿಗಳ ರಟ್ಟಿನ ಖೊಕ್ಕೆ ಬಿಚ್ಚುವುದು, ಕೈಗವಸು ಹಂಚುವುದು. ಕಿಟಕಿಯ ಪಕ್ಕದ ನನ್ನ ಮೇಜು, ಅದರ ಮೇಲಿನ ನನ್ನ ಪಿಪೆಟ್ಟುಗಳು, ಇನ್ಯಾರೂ ಮುಟ್ಟದ ನನ್ನ ಸ್ಟೂಲು, ಎಲ್ಲವೂ ಕಣ್ಣಮುಂದೆ ಹಾದು ಹೋದವು. ನನಗೆ ನಿಜಕ್ಕೂ ಅಳು ಬಂದಿತ್ತು. ಚಹಾ ಬಿಸಿ ಇದೆ ಎಂದು ಸುಳ್ಳು ಹೇಳಿ ಕಣ್ಣೊರೆಸಿಕೊಂಡೆ.

ಸರಿ, ಒಳ್ಳೆಯ ಆಂಟಿಬಾಡಿ ಆರಿಸಬೇಕು. ಅದರಲ್ಲೂ ಮೊನೊಕ್ಲೋನಲ್ ಬೇಕು. ಅಂದರೆ ಒಂದೇ ಜೀವಕೋಶದ ಸಂತಾನದಿಂದ ಬಂದದ್ದು, ಒಂದೇ ಗುರುತನ್ನು ಹಿಡಿಯುವಂಥದ್ದು, ಈ ವರ್ಷ ಒಂದು ಮುಂದಿನ ವರ್ಷ ಇನ್ನೊಂದು ಎಂದು ಮಾತು ಬದಲಿಸದೇ ಇರುವಂಥದ್ದು. ಕಂಪನಿಗಳ ಕ್ಯಾಟಲಾಗು ತೆರೆದರೆ ಸಾಲುಸಾಲು. ಒಂದೊಂದಕ್ಕೂ ಲಾರಿಯ ನಂಬರಿನಂಥ ಹೆಸರು, ಪಕ್ಕದಲ್ಲಿ ಒಂದು ಫೋಟೋ. ಫೋಟೋದಲ್ಲಿ ಕಾಡಿಗೆ ತೀಡಿದಂಥ ಒಂದೇ ಒಂದು ಪಟ್ಟೆ. ವರಾನ್ವೇಷಣೆಗೆ ಬರುವ ಫೋಟೋಗಳನ್ನು ಕಂಡವರು ಇಂಥ ಫೋಟೋಗಳನ್ನು ನಂಬುವುದಿಲ್ಲ. ಮಾರಾಟದ ಪ್ರತಿನಿಧಿಯನ್ನು ಕೇಳಿದರೆ ತಾನು ಮಾರುವುದೆಲ್ಲವೂ 'ಏಕದಮ್ ಬೆಸ್ಟ್' ಎಂದ. ಶಾರದಾ ಪುಣೆಯ ಕ್ಯಾಂಪ್ ಪೇಟೆಯ ಅಂಗಡಿಯಲ್ಲಿ ಸೀರೆ ಆರಿಸುವುದನ್ನು ನಾನು ನೋಡಿದ್ದೇನೆ. ಕಪಾಟಿನಲ್ಲಿದ್ದುದನ್ನೆಲ್ಲ ಕೆಳಗಿಳಿಸಿ ಹರವಿಸಿ, ಕೊನೆಗೆ ಮೊದಲು ತೋರಿಸಿದ್ದನ್ನೇ ಕಟ್ಟಿಸಿಕೊಂಡು ಬರುತ್ತಾಳೆ. ಅದನ್ನು ಕಂಡು ಹಾಸ್ಯ ಮಾಡಿದ್ದ ನಾನು ಕ್ಯಾಟಲಾಗಿನ ಮುಂದೆ ದಿನಗಟ್ಟಲೆ ಕೂತು ಮೊದಲನೆಯದನ್ನೂ ಆರಿಸಲಾಗದೆ ಎದ್ದೆ.

ಆಗ ನೆನಪಾದದ್ದು ಹೆಪ್ಪು. ನಮ್ಮ ಕಡೆ ಮನೆಯಲ್ಲಿ ಮೊಸರು ಮುಗಿದರೆ ಯಾರೂ ಅಂಗಡಿಗೆ ಓಡುವುದಿಲ್ಲ. ಬಟ್ಟಲು ಹಿಡಿದು ಪಕ್ಕದ ಮನೆಗೆ ಹೋಗುತ್ತಾರೆ. ಪ್ರಯೋಗಾಲಯಗಳ ರೂಢಿಯೂ ಹಾಗೆಯೇ. ದುಬಾರಿ ಆಂಟಿಬಾಡಿಯನ್ನು ತರಿಸುವ ಮೊದಲು ಅಕ್ಕಪಕ್ಕದ ಲ್ಯಾಬಿನಲ್ಲಿ ಯಾರ ಹತ್ತಿರ ಇದೆ ಎಂದು ವಿಚಾರಿಸಿ, ಹನಿಯಷ್ಟನ್ನು ಟ್ಯೂಬಿನಲ್ಲಿ ಹಾಕಿ ಐಸಿನಲ್ಲಿಟ್ಟು ಕಡ ತರುವುದು. ಪಕ್ಕದ ಲ್ಯಾಬಿನ ಸುಷ್ಮಾ ಮೈಸೂರಿನವಳು, ಬುದ್ಧಿವಂತೆ, ಕನ್ನಡದವಳೆಂಬ ಸಲುಗೆ ಬೇರೆ. ಅವಳ ಹತ್ತಿರ ಇದೇ ಪ್ರೋಟೀನಿನ ಮೊನೊಕ್ಲೋನಲ್ ಇತ್ತು. ಅವಳ ಕೈಯಲ್ಲಿ ಅದು ಪ್ರತಿ ಸಲವೂ ಅಚ್ಚುಕಟ್ಟಾದ ಪಟ್ಟೆ ಕೊಟ್ಟಿತ್ತು. ಕೊಡುವಾಗ, ತಾನು ಮನುಷ್ಯರ ಜೀವಕೋಶಗಳಲ್ಲಿ ಬಳಸಿದ್ದು, ಇಲಿಯಲ್ಲಿ ನೋಡಿಲ್ಲ ಎಂದು ಅವಳು ಹೇಳಿದ್ದು ನಿಜ. ಕಡ ತರುವವರು ಅಂಥ ಮಾತನ್ನೆಲ್ಲ ಕಿವಿಗೆ ಹಾಕಿಕೊಳ್ಳುವುದಿಲ್ಲ. ಹೆಪ್ಪು ಸಿಕ್ಕಿತಲ್ಲ, ಯಾವ ಹಾಲಿಗೆ ಎಂದು ಯೋಚಿಸುವ ವ್ಯವಧಾನ ಯಾರಿಗಿದೆ?

ಪಟ್ಟೆ ಬಂತು. ಎಂಥ ಪಟ್ಟೆ! ಎಷ್ಟು ತೂಕದ ಹತ್ತಿರ ಬರಬೇಕೋ ಅಲ್ಲೇ, ಎಲ್ಲ ಸಾಲುಗಳಲ್ಲೂ, ಕ್ಯಾಟಲಾಗಿನ ಫೋಟೋ ನಾಚುವಷ್ಟು ದಪ್ಪಗೆ. ನಮ್ಮ ಲ್ಯಾಬಿನಲ್ಲಿ ಒಂದು ಪದ್ಧತಿ ಇದೆ, ಯಾರಿಗೆ ಪಟ್ಟೆ ಬರುತ್ತದೋ ಅವರು ಸಿಹಿ ತರಬೇಕು. ಉಳಿದವರು ಪೇಢೆಯಲ್ಲಿ ಮುಗಿಸುತ್ತಾರೆ. ನನ್ನ ಸರದಿ ಬಂದರೆ ಮಾತ್ರ ಶಾರದಾಳ ಶೇಂಗಾ ಹೋಳಿಗೆಯೇ ಆಗಬೇಕೆಂದು ಎಲ್ಲರ ಹಟ. ಅವಳು ತಾನು ಕಲಿಸುವ ಶಾಲೆಗೆ ರಜೆ ಹಾಕಿ, ಶೇಂಗಾ ಹುರಿದು ಬೆಲ್ಲ ಕುಟ್ಟಿ, ದೊಡ್ಡ ಡಬ್ಬಿ ತುಂಬಿಸಿ ಕಳಿಸಿದಳು. ಮೇಡಂ ಎರಡು ತಿಂದು, ಸಭೆಗೆ ತೋರಿಸುವ ಚಿತ್ರಗಳಲ್ಲಿ ನನ್ನ ಪಟ್ಟೆಯನ್ನು ಎಲ್ಲಕ್ಕಿಂತ ಮೊದಲು ಸೇರಿಸಿದರು. ನಾನು ಸ್ಟೂಲಿನ ಮೇಲೆ ಕೂತು ಕಿಟಕಿಯಾಚೆ ನೋಡಿದೆ, ಇನ್ನು ಇದು ನನ್ನದೇ ಎಂದು.

ಸುಷ್ಮಾ ತಡವಾಗಿ ಬಂದಳು. ಹೋಳಿಗೆಯನ್ನು ಅರ್ಧ ತಿಂದು, ಪರದೆಯ ಮೇಲಿನ ಪಟ್ಟೆಯನ್ನು ಕುತ್ತಿಗೆ ಓರೆ ಮಾಡಿ ನೋಡಿದಳು.

"ಸರ್, ಮೊದಲನೇ ಆಂಟಿಬಾಡಿ ಹಾಕ್ದೇ, ಬರೀ ಎರಡನೇದು ಮಾತ್ರ ಹಾಕಿ ಹಾಳೆಯ ಒಂದು ಸ್ಟ್ರಿಪ್ ಮಾಡಿದ್ರಾ?"

ಲ್ಯಾಬಿಗೆ ಹೊಸದಾಗಿ ಬರುವ ಪ್ರತಿಯೊಬ್ಬರಿಗೂ ನಾನು ಮೊದಲ ದಿನ ಕಲಿಸುವ ಪಾಠವೇ ಅದು. ಮುಖ್ಯವಾದದ್ದನ್ನು ತೆಗೆದುಬಿಟ್ಟು ಉಳಿದದ್ದೆಲ್ಲವನ್ನೂ ಮಾಡಿ ನೋಡಬೇಕು. ಆಗ ಪಟ್ಟೆ ಬರಬಾರದು. ಬಂದರೆ ಆ ಪಟ್ಟೆಗೂ ನಿಮಗೂ ಸಂಬಂಧವಿಲ್ಲ. ಈ ಪಾಠವನ್ನು ನಾನು ಎಷ್ಟು ಸಲ ಹೇಳಿದ್ದೇನೆಂದರೆ, ಮಾಡುವ ಅಗತ್ಯ ಇನ್ನು ನನಗಿಲ್ಲ ಅನ್ನಿಸಿಬಿಟ್ಟಿತ್ತು. ಅದನ್ನೆಲ್ಲ ಹೊಸಬರು ಮಾಡಬೇಕಮ್ಮಾ ಎಂದು ನಕ್ಕೆ. ಅವಳು ನಗಲಿಲ್ಲ. ಕೈಯಲ್ಲಿದ್ದ ಇನ್ನರ್ಧ ಹೋಳಿಗೆಯನ್ನು ಮೆಲ್ಲಗೆ ಕೆಳಗಿಟ್ಟಳು. ಹೋಳಿಗೆ ಕೆಳಗಿಟ್ಟವರನ್ನು ನಾನು ಅದೇ ಮೊದಲು ಕಂಡದ್ದು.

ಮರುದಿನ ಮಾಡಿ ನೋಡಿದೆ. ಮೊದಲನೆಯ ಆಂಟಿಬಾಡಿಯನ್ನು ಹಾಕಲೇ ಇಲ್ಲ. ಪಟ್ಟೆ ಬಂತು. ಅದೇ ಜಾಗ, ಅದೇ ದಪ್ಪ, ಅದೇ ಗತ್ತು. ಕಾರಣ ಹೇಳಿದರೆ ನಿಮಗೂ ನಗು ಬಂದೀತು. ಸುಷ್ಮಾ ಕೊಟ್ಟ ಆಂಟಿಬಾಡಿ ಇಲಿಯಿಂದ ತಯಾರಾದದ್ದು. ಅದನ್ನು ಹುಡುಕಲು ನಾನು ಹಾಕಿದ ಎರಡನೆಯ ಆಂಟಿಬಾಡಿಗೆ ಗೊತ್ತಿರುವುದು ಒಂದೇ ಕೆಲಸ, ಇಲಿಯ ಆಂಟಿಬಾಡಿ ಎಲ್ಲಿ ಕಂಡರೂ ಹೋಗಿ ಅಂಟಿಕೊಳ್ಳುವುದು. ಸುಷ್ಮಾಳದು ಮನುಷ್ಯರ ಜೀವಕೋಶ, ಅಲ್ಲಿ ಇಲಿಯದೆಂದರೆ ಅವಳು ಹಾಕಿದ್ದಷ್ಟೇ. ನನ್ನದು ಇಲಿಯ ಸ್ನಾಯು. ಅದರ ರಕ್ತದಲ್ಲಿ ಇಲಿಯದೇ ಸ್ವಂತ ಆಂಟಿಬಾಡಿಗಳು ಮೊದಲೇ ತುಂಬಿದ್ದವು, ಅವುಗಳ ತೂಕವೂ ನನ್ನ ಪ್ರೋಟೀನಿನಷ್ಟೇ. ಅಂತೂ ನಾನು ಹೋಳಿಗೆ ಹಂಚಿದ್ದು ಇಲಿಯಲ್ಲಿ ಇಲಿ ಇದೆ ಎಂದು ಕಂಡುಹಿಡಿದದ್ದಕ್ಕೆ.

ಸಭೆಗೆ ಇನ್ನು ಸ್ವಲ್ಪವೇ ದಿನ. ಸುಮ್ಮನಿದ್ದರೆ ಯಾರಿಗೂ ತಿಳಿಯುವಂತಿರಲಿಲ್ಲ, ಮೇಜೂ ಉಳಿಯುತ್ತಿತ್ತು. ನಾನು ದೊಡ್ಡ ಸತ್ಯಸಂಧನೇನಲ್ಲ. ಸುಷ್ಮಾಳಿಗೆ ಅನುಮಾನ ಬಂದಿದೆ ಎಂಬುದೇ ನನ್ನನ್ನು ಸತ್ಯದ ಕಡೆ ನೂಕಿತು. ಮೇಡಂ ಕೋಣೆಗೆ ಹೋಗಿ ಎರಡು ಚಿತ್ರಗಳನ್ನೂ ಪಕ್ಕಪಕ್ಕ ಇಟ್ಟೆ. ಅವರು ಬಹಳ ಹೊತ್ತು ನೋಡಿ 'ಬರಂ ಝಾಲಂ' ಎಂದರು, ಒಳ್ಳೆಯದೇ ಆಯಿತು ಎಂಬ ಅರ್ಥದಲ್ಲಿ. ನನ್ನ ಮಟ್ಟಿಗೆ ಏನು ಒಳ್ಳೆಯದಾಯಿತು ಎಂದು ತಿಳಿಯಲಿಲ್ಲ. ಈ ಸಲ ಚಹಾ ಕೂಡ ಕೊಡಲಿಲ್ಲ. ಮನೆಯಲ್ಲಿ ಶಾರದಾಳಿಗೆ ಹೇಳಿದೆ, ಅವಳ ಹೋಳಿಗೆ ದಂಡವಾಯಿತೆಂದು. ಹೋಳಿಗೆಗೇನೂ ಆಗಿಲ್ಲ, ತಿಂದವರೆಲ್ಲ ಚೆನ್ನಾಗಿತ್ತೆಂದೇ ಹೇಳಿದ್ದಾರೆ ಎಂದು ಅವಳು ಉತ್ತರ ಕೊಟ್ಟಳು.

ಸಭೆಯಲ್ಲಿ ನಡೆದದ್ದು ಬೇರೆ. ಹಿರಿಯ ಸದಸ್ಯರೊಬ್ಬರು ಕನ್ನಡಕ ಏರಿಸಿ, ಮೊದಲನೆಯದು ಹಾಕದ ಸ್ಟ್ರಿಪ್ ಎಲ್ಲಿ ಎಂದು ಕೇಳಿದರಂತೆ. ಮೇಡಂ ತೋರಿಸಿದರು, ಎಡವಿದ್ದು ಎಲ್ಲಿ ಎಂದೂ ಹೇಳಿದರು. ತಪ್ಪನ್ನು ತಾವೇ ಹಿಡಿದಿದ್ದಾರಲ್ಲ, ಇಲಿಯ ಬದಲು ಮೊಲದಿಂದ ತಯಾರಾದ ಮೊನೊಕ್ಲೋನಲ್ ತರಿಸಿ ಇನ್ನೊಮ್ಮೆ ನೋಡಲಿ, ಅಲ್ಲಿಯವರೆಗೆ ಏನನ್ನೂ ನಿಲ್ಲಿಸುವುದು ಬೇಡ ಎಂದಾಯಿತು. ಈ ಸಲ ನಾನು ಫೋಟೋಕ್ಕೆ ಮರುಳಾಗಲಿಲ್ಲ. ಯಾವ ಪ್ರಾಣಿಯಿಂದ ಬಂದದ್ದು, ಇಲಿಯ ಪ್ರೋಟೀನನ್ನು ಹಿಡಿಯುತ್ತದೆಯೇ, ನಾವು ಮಾಡುವ ಬಗೆಯ ಪರೀಕ್ಷೆಗೆ ಒಗ್ಗುತ್ತದೆಯೇ, ಆ ಪ್ರೋಟೀನೇ ಇಲ್ಲದಂತೆ ಬೆಳೆಸಿದ ಇಲಿಯ ಸ್ನಾಯುವಿನಲ್ಲಿ ಪಟ್ಟೆ ಮಾಯವಾಗಿದೆಯೇ ಎಂದು ಒಂದೊಂದನ್ನೇ ನೋಡಿ ಆರಿಸಿದೆ. ಅದು ಬರಲು ತಡವಿತ್ತು. ಅಷ್ಟರಲ್ಲಿ ಪುಣೆಯಿಂದ ರೈಲಿನಲ್ಲಿ ಹೋಗಬೇಕಾದ ದೌಂಡಿನಲ್ಲಿರುವ ನಮ್ಮತ್ತೆಗೆ, ಅಂದರೆ ಶಾರದಾಳ ತಾಯಿಗೆ, ಕಣ್ಣಿನ ಪೊರೆ ತೆಗೆಸುವುದೆಂದು ನಿಶ್ಚಯವಾಯಿತು. ಮಾವ ರೈಲ್ವೆಯಲ್ಲಿದ್ದವರು, ತೀರಿಕೊಂಡು ವರ್ಷಗಳಾದವು. ಅತ್ತೆ ಆ ಊರು ಬಿಟ್ಟು ಬಂದಿಲ್ಲ. ಶಾರದಾಳ ಶಾಲೆಯಲ್ಲಿ ಪರೀಕ್ಷೆಯ ಸಮಯ. ನಾನೇ ಹೊರಟೆ. ಹೊರಡುವ ಮೊದಲು ಟ್ಯಾಂಕರ್, ಸಿಲಿಂಡರ್, ಫ್ರಿಜ್‌ನ ಬಾಗಿಲು ಎಲ್ಲದರ ಬಗ್ಗೆ ಸಂಬಂಧಪಟ್ಟವರಿಗೆ ಉಪದೇಶ ಮಾಡಿದೆ. ದೌಂಡಿನಲ್ಲಿ ಹೊತ್ತು ಹೊತ್ತಿಗೆ ಅತ್ತೆಯ ಕಣ್ಣಿಗೆ ಔಷಧಿಯ ಹನಿ ಹಾಕುತ್ತಾ, ಅಲ್ಲಿ ಏನೇನು ಕೆಟ್ಟಿದೆಯೋ ಎಂದು ಚಿಂತಿಸಿದೆ. ಯಾರ ಫೋನೂ ಬರಲಿಲ್ಲ. ಪರಿಸ್ಥಿತಿ ಕೈಮೀರಿರಬೇಕು, ನನಗೆ ಹೇಳಲು ಸಂಕೋಚಪಡುತ್ತಿದ್ದಾರೆ ಎಂದುಕೊಂಡೆ.

ಪುಣೆ ಸ್ಟೇಷನ್ನಿನಲ್ಲಿ ಇಳಿದು ನೇರ ಲ್ಯಾಬಿಗೇ ಹೋದೆ. ಮೊಲದ ಆಂಟಿಬಾಡಿ ಬಂದಿತ್ತು. ಮೇಡಂ ಸುಷ್ಮಾಳ ಕೈಯಲ್ಲಿ ಮಾಡಿಸಿದ್ದರು. ಪಟ್ಟೆ ಬಂದಿತ್ತು, ತೆಳ್ಳಗೆ, ಸಂಭಾವಿತವಾಗಿ, ಬರಬೇಕಾದಲ್ಲಿ ಮಾತ್ರ. ಮೊದಲನೆಯದು ಹಾಕದ ಸ್ಟ್ರಿಪ್ ಹಾಲಿನಷ್ಟು ಬಿಳಿ. ನನ್ನ ಮೇಜು ಉಳಿಯಿತು ಎಂದರು ಮೇಡಂ. ಸಂತೋಷದಿಂದ ಫ್ರಿಜ್ ತೆರೆದು ನೋಡಿದೆ. ಬಾಗಿಲಿಗೆ ಹೊಸ ರಬ್ಬರು ಹಾಕಿಸಿದ್ದರು. ಬೆರಳಿನಿಂದ ತಳ್ಳಿದರೆ ಸಾಕು, ತಾನೇ ಮುಚ್ಚಿಕೊಳ್ಳುತ್ತದೆ.

ಮನೆಗೆ ಬಂದೆ. ಸಿಲಿಂಡರ್ ಮುಗಿದು ಬೇರೆಯದು ಬಂದಾಗಿತ್ತು. ಟ್ಯಾಂಕರ್ ಎಂದಿನಂತೆ ಬಂದು ನೀರು ಇಳಿಸಿ ಹೋಗಿತ್ತು. ಪಟ್ಟೆ ಬಂದದ್ದಕ್ಕೆ ಲ್ಯಾಬಿನವರು ಹೋಳಿಗೆ ಕೇಳಿದ್ದರಂತೆ. ಸುಷ್ಮಾ ಫೋನು ಮಾಡಿ, ಮನೆಗೇ ಬಂದು ತೆಗೆದುಕೊಂಡು ಹೋಗಿದ್ದಳು. ಹೋಳಿಗೆ ಕೂಡ ನಾನಿಲ್ಲದೆ ಆಗಿತ್ತು. ನಾನು ಕುರ್ಚಿಯಲ್ಲಿ ಕೂತು ಲೆಕ್ಕ ಹಾಕಿದೆ. ಮುಖ್ಯವಾದದ್ದನ್ನು ತೆಗೆದುಬಿಟ್ಟು ಉಳಿದದ್ದೆಲ್ಲವನ್ನೂ ಮಾಡಿ ನೋಡಿದ್ದಾರೆ. ಮನೆಯಲ್ಲೂ ಲ್ಯಾಬಿನಲ್ಲೂ ಪಟ್ಟೆ ಅದೇ ಜಾಗ, ಅದೇ ದಪ್ಪ. ಹೊಸಬರಿಗೆ ಹೇಳುವ ಪಾಠದ ಕೊನೆಯ ವಾಕ್ಯ ನೆನಪಾಯಿತು: ಬಂದರೆ ಆ ಪಟ್ಟೆಗೂ ನಿಮಗೂ ಸಂಬಂಧವಿಲ್ಲ. ನಾನಿಲ್ಲದ್ದರಿಂದ ಇಲ್ಲಿ ಏನೂ ವ್ಯತ್ಯಾಸವಾಗಲೇ ಇಲ್ಲವೇ ಎಂದು ಶಾರದಾಳನ್ನು ಕೇಳಿಯೇಬಿಟ್ಟೆ. ಅವಳು ಕೈ ಒರೆಸಿಕೊಂಡಳು. ಒಳಗೆ ಹೋಗಿ, ಮನೆಗೆಂದು ಎತ್ತಿಟ್ಟಿದ್ದ ಒಂದು ಡಬ್ಬಿ ತಂದು ನನ್ನ ಮುಂದಿಟ್ಟಳು. ಅರ್ಧಕ್ಕಿಂತ ಹೆಚ್ಚು ಹೋಳಿಗೆ ಹಾಗೇ ಇದ್ದವು.

"ಇದೊಂದ ಫರಕ ಆಗೇದ ನೋಡ್ರಿ. ನೀವಿದ್ರ ಈ ಡಬ್ಬಿ ಮರುದಿನಾನ ಖಾಲಿ ಆಗಿರ್ತಿತ್ತು."

ನಾನಿದ್ದರೆ ಆಗುವ, ಇಲ್ಲದಿದ್ದರೆ ಆಗದ ಕೆಲಸವೊಂದು ಅಂತೂ ಸಿಕ್ಕಿತು. ಆದರೆ ಪ್ರಯೋಗ ಯಾವುದೇ ಇರಲಿ, ಒಂದು ಸಲ ಮಾಡಿ ನಂಬಬಾರದು, ಮತ್ತೆ ಮತ್ತೆ ಮಾಡಿ ನೋಡಬೇಕು. ಡಬ್ಬಿಯನ್ನು ಹತ್ತಿರಕ್ಕೆ ಎಳೆದುಕೊಂಡೆ.