ಭಾವನ ಕಾರಿಗೆ ಇಲ್ಲದ ಸಾಮಾನುಗಳು

ಹಳೆಯ ಕಾರು ಇಟ್ಟುಕೊಂಡವರ ಮನೆಯಲ್ಲಿ ಏನಾದರೊಂದು ನಡೆಯುತ್ತಲೇ ಇರುತ್ತದೆ. ನಡೆಯುವಾಗ ಯಾರಿಗೂ ನಗು ಬರುವುದಿಲ್ಲ, ಆಮೇಲೆ ಹೇಳುವಾಗ ಬರುತ್ತದೆ. ಭಾವ ಇದ್ದಿದ್ದರೆ ಇವನ್ನು ನನಗಿಂತ ಚೆನ್ನಾಗಿ ಹೇಳುತ್ತಿದ್ದರು.

ಭಾವ ಅಂದರೆ ನನ್ನ ಅಕ್ಕನ ಗಂಡ. ಕುಂದಾಪುರದ ಕಡೆಯವರು. ಚೆನ್ನೈಯಲ್ಲಿ ಅವರ ತಂದೆ ಶುರು ಮಾಡಿದ ಸಸ್ಯಾಹಾರಿ ಹೋಟೆಲು ನಡೆಸುತ್ತಿದ್ದರು. ನುಂಗಂಬಾಕ್ಕಂನ ಒಂದು ಹಳೆಯ ಬಂಗಲೆಯ ಶೆಡ್ಡಿನಲ್ಲಿ ಧೂಳು ಹಿಡಿದು ನಿಂತಿದ್ದ ಎರಡು ಸೀಟಿನ ಇಂಗ್ಲಿಷ್ ಸ್ಪೋರ್ಟ್ಸ್ ಕಾರನ್ನು ತಂದು ಓಡುವ ಹಾಗೆ ಮಾಡಿದರು. ಓಡಿದ್ದು ಸಾಲಲಿಲ್ಲ. ಈ ಕಾರು ಹೊಸದಾಗಿದ್ದ ಕಾಲದಲ್ಲಿ ಅದಕ್ಕೆಂದೇ ಬೇರೆಯಾಗಿ ಮಾರುತ್ತಿದ್ದ ಸಾಮಾನುಗಳೆಲ್ಲ ಇದರ ಮೈಮೇಲೆ ಇರಬೇಕು ಅಂತ ಹಟ ಹಿಡಿದರು. ಎಲ್ಲಾದರೂ ಸಿಕ್ಕಿದರೆ ತರಿಸುವುದು, ಸಿಗದಿದ್ದರೆ ಇಲ್ಲೇ ಮಾಡಿಸುವುದು. ನಾನು ಕಾರ್ಖಾನೆಯಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದು ನಿವೃತ್ತನಾದವನು. ಹಳೆಯ ಫೋಟೊ ನೋಡಿ ನಕ್ಷೆ ಬರೆದುಕೊಡುವುದು ನನ್ನ ಪಾಲಿಗೆ ಬಂತು.

ಬೆಲ್ಟು

ಮೊದಲು ಬೇಕಾದದ್ದು ಬಾನೆಟ್ಟಿನ ಮೇಲೆ ಅಡ್ಡಲಾಗಿ ಬಿಗಿಯುವ ಚರ್ಮದ ಪಟ್ಟಿ. ಅದಕ್ಕೆ ತಕ್ಕ ಹಿತ್ತಾಳೆಯ ಬಕಲು ಪ್ಯಾರೀಸ್ ಕಾರ್ನರ್‌ನ ಒಂದು ಸಂದಿಯ ಅಂಗಡಿಯಲ್ಲಿ ಸಿಕ್ಕಿತು. ಪಟ್ಟಿ ಹೊಲಿಯಲು ಕ್ರೋಂಪೇಟೆಯ ಚರ್ಮದ ಕೆಲಸದವರೊಬ್ಬರಿಗೆ ಬಕಲು ಕೊಟ್ಟು ಬಂದೆ, ಅಳತೆಯನ್ನು ಆಮೇಲೆ ಫೋನಿನಲ್ಲಿ ಹೇಳಿದೆ. ಯಾವುದಕ್ಕೆ ಅಂತ ಹೇಳುವುದು ಮರೆತುಹೋಗಿತ್ತು.

ತರಲಿಕ್ಕೆ ಭಾವನೇ ಹೋದರು. ಭಾವ ದಪ್ಪನೆಯ ಆಳು, ಹೊಟ್ಟೆ ಅವರಿಗಿಂತ ಒಂದು ಹೆಜ್ಜೆ ಮುಂದೆ ನಡೆಯುತ್ತಿತ್ತು. ಚರ್ಮದವರು ಅವರನ್ನು ಮೇಲಿಂದ ಕೆಳಗೆ ನೋಡಿ, ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟು, ಬಹಳ ಮರ್ಯಾದೆಯಿಂದ ತಮಿಳಿನಲ್ಲಿ ಹೇಳಿದರಂತೆ: "ನಾಲ್ಕು ತೂತು ಜಾಸ್ತಿ ಹಾಕಿದ್ದೇನೆ ಸಾರ್. ಹೋಟೆಲ್ ನಡೆಸುವವರು ಅಂತ ಕೇಳಿದೆ, ಮುಂದಕ್ಕೂ ಬೇಕಾಗುತ್ತದೆ."

ಲಗೇಜ್ ರ‍್ಯಾಕು

ಆಮೇಲೆ ಕಾರಿನ ಹಿಂಭಾಗಕ್ಕೆ ಕೂರಿಸುವ ಲಗೇಜ್ ರ‍್ಯಾಕು. ಕೊಳವೆ ಬಗ್ಗಿಸಿ ಮಾಡಿದ, ಮಂಚದ ತಲೆದೆಸೆಯಂಥ ಒಂದು ಸಾಮಾನು. ಮೂರು ಫೋಟೊ ಇಟ್ಟುಕೊಂಡು ವಾರಗಟ್ಟಲೆ ನಕ್ಷೆ ಬರೆದೆ. ಹೋಟೆಲಿನ ಪಾತ್ರೆ ಸ್ಟ್ಯಾಂಡು ಮಾಡುತ್ತಿದ್ದ ಫ್ಯಾಬ್ರಿಕೇಷನ್‌ನವರೇ ಇದನ್ನೂ ಮಾಡಿದರು. ಸ್ಟೀಲಿನದು, ಥಳಥಳ ಹೊಳೆಯುತ್ತಿತ್ತು. ಮಾಡಿ ಮುಗಿಸಿ, ಅಭ್ಯಾಸಬಲದಿಂದ, ಹೋಟೆಲಿನ ಹಿತ್ತಲ ಬಾಗಿಲಲ್ಲಿ ಇಳಿಸಿ ಹೋದರು.

ಇತ್ತ ಭಾವ ಫೋನಿನ ಮೇಲೆ ಫೋನು ಮಾಡಿದರು. "ಕೊಟ್ಟಾಯಿತು ಸಾರ್" ಅಂತ ಅವರು. "ಬಂದೇ ಇಲ್ಲ ಮಾರಾಯ" ಅಂತ ಇವರು. ಕಡೆಗೆ ನಾವಿಬ್ಬರೂ ಅಡುಗೆಮನೆಗೆ ಹೋಗಿ ನೋಡಿದರೆ, ನನ್ನ ನಕ್ಷೆಯ ರ‍್ಯಾಕು ಗೋಡೆಗೆ ಮೊಳೆ ಹೊಡೆಸಿಕೊಂಡು ನಿಂತಿತ್ತು. ಅದರ ಮೇಲೆ ಸಾಂಬಾರಿನ ಬಕೆಟ್ಟುಗಳು ಸಾಲಾಗಿ ಕೂತಿದ್ದವು.

ಅಷ್ಟರಲ್ಲಿ ಮುಖ್ಯ ಅಡುಗೆಯವರು ಕೈ ಒರೆಸಿಕೊಳ್ಳುತ್ತ ಬಂದರು. "ಧಣಿ, ಇಷ್ಟು ವರ್ಷದಲ್ಲಿ ನೀವು ಮಾಡಿಸಿಕೊಟ್ಟ ಒಂದು ಒಳ್ಳೆ ಸಾಮಾನು ಅಂದರೆ ಇದೇ. ನಮ್ಮ ಕಷ್ಟ ನಿಮಗೆ ಅರ್ಥವಾಯಿತಲ್ಲ" ಅನ್ನುವಾಗ ಅವರ ಕಣ್ಣು ಒದ್ದೆಯಾಗಿತ್ತು.

ಹಾಗೆ ಹೇಳಿದ ಮೇಲೆ ಕಿತ್ತು ತರುವುದು ಹೇಗೆ? ಕಾರಿಗೆ ಇನ್ನೊಂದು ಮಾಡಿಸಿದರು. ಹದಿನೈದು ದಿನಕ್ಕೆ ಅಡುಗೆಯವರು ಬಂದು ಕೇಳಿದರು: "ಎರಡನೆಯದೂ ತಯಾರಾಯಿತಂತಲ್ಲ, ಯಾವಾಗ ತರುತ್ತೀರಿ?"

ಒರಿಜಿನಲ್

ಭಾವನಿಗೆ ಮೆಟ್ಟಿಲು ಹತ್ತುವಾಗ ಉಸಿರು ಕಟ್ಟಲು ಶುರುವಾಯಿತು. ಆಸ್ಪತ್ರೆಯಲ್ಲಿ ನೋಡಿ, ಹೃದಯದ ಒಂದು ವಾಲ್ವು ಕೆಟ್ಟಿದೆ, ಬದಲಾಯಿಸಬೇಕು ಅಂದರು. ಅಕ್ಕ ನನ್ನ ಕೈ ಹಿಡಿದುಕೊಂಡು ಕೂತಿದ್ದಳು. ಡಾಕ್ಟರು ನಿಧಾನವಾಗಿ ಎಲ್ಲ ವಿವರಿಸಿ, "ಏನಾದರೂ ಕೇಳುವುದಿದೆಯಾ?" ಅಂದರು.

ಭಾವ ಗಂಭೀರವಾಗಿ ಕೇಳಿದರು: "ಹಾಕುವುದು ಒರಿಜಿನಲ್ಲೋ, ಡೂಪ್ಲಿಕೇಟೋ?"

ಡಾಕ್ಟರು ಅಷ್ಟೇ ಗಂಭೀರವಾಗಿ ಹೇಳಿದರು: "ಒರಿಜಿನಲ್ ನಿಮ್ಮ ಹತ್ತಿರ ಇರುವುದೇ ಸಾರ್. ಕೆಟ್ಟಿರುವುದು ಅದೇ."

ಹೀಟರು

ಆಪರೇಷನ್ ಚೆನ್ನಾಗಿಯೇ ಆಯಿತು. ಮನೆಗೆ ಬಂದರು, ಒಂದೆರಡು ಸಲ ಕಾರಿನಲ್ಲಿ ಬೀದಿ ಸುತ್ತಿಯೂ ಬಂದರು. ಆಮೇಲೆ ಒಂದು ಬೆಳಿಗ್ಗೆ ಕಾಫಿ ಕುಡಿದು ಪೇಪರು ಹಿಡಿದು ಕೂತವರು ಏಳಲಿಲ್ಲ.

ಅಕ್ಕ ಅಳಲಿಲ್ಲ. ಮಾತೂ ಆಡಲಿಲ್ಲ. ಗಂಜಿ ಮುಂದಿಟ್ಟರೆ ಎರಡು ಚಮಚ ಬಾಯಿಗೆ ಹಾಕಿ ತಟ್ಟೆ ಸರಿಸುತ್ತಿದ್ದಳು. ಅವಳನ್ನು ನೋಡಿ ನನಗೆ ಭಯವಾಗುತ್ತಿತ್ತು.

ಉತ್ತರಕ್ರಿಯೆಯಲ್ಲಿ ದಾನ ಕೊಡುವ ದಿನ ಬಂತು. ಚೆನ್ನೈಯವರು ಕತ್ತರಿ ಬಿಸಿಲು ಅನ್ನುವ ಮೇ ತಿಂಗಳ ಕಡು ಬೇಸಿಗೆ. ಮೂರು ಫ್ಯಾನು ತಿರುಗುತ್ತಿದ್ದರೂ ಭಟ್ಟರ ಮೈಯಿಂದ ಬೆವರು ನೀರಿನ ಹಾಗೆ ಇಳಿಯುತ್ತಿತ್ತು. ಹೋದ ಜೀವಕ್ಕೆ ದಾರಿಯಲ್ಲಿ ಬಿಸಿಲಿಗೆ ಅಂತ ಕೊಡೆ, ಮುಳ್ಳಿಗೆ ಅಂತ ಚಪ್ಪಲಿ, ಚಳಿಗೆ ಅಂತ ಕಂಬಳಿ ಜೋಡಿಸಿಟ್ಟಿದ್ದೆವು. ಅದೇ ಹೊತ್ತಿಗೆ ಕೊರಿಯರ್‌ನವನು ಬೆಲ್ಲು ಮಾಡಿದ. ಇಂಗ್ಲೆಂಡಿನಿಂದ ಭಾವನ ಹೆಸರಿಗೆ ಒಂದು ಪೆಟ್ಟಿಗೆ.

ಒಳಗೆ ತಂದು ಇಟ್ಟೆ. "ತೆರಿ" ಅಂದಳು ಅಕ್ಕ. ಅಷ್ಟು ದಿನದಲ್ಲಿ ಅವಳಾಗಿ ಆಡಿದ ಮೊದಲ ಮಾತು. ತೆರೆದೆ. ಕಪ್ಪು ಬಣ್ಣದ, ಸಣ್ಣ ಫ್ಯಾನಿದ್ದ, ಗುಂಡಗಿನ ಕಬ್ಬಿಣದ ಡಬ್ಬಿ.

"ಎಂತದು ಅದು?"

"ಹೀಟರು ಅಕ್ಕ. ಕಾರಿಗೆ. ಬಹಳ ಅಪರೂಪದ್ದು, ಎಲ್ಲೂ ಸಿಗುವುದಿಲ್ಲ."

"ಎಂತ ಮಾಡುತ್ತದೆ?"

"ಕಾರಿನ ಒಳಗೆ... ಬೆಚ್ಚಗೆ ಮಾಡುತ್ತದೆ."

ಅಕ್ಕ ತಲೆಯೆತ್ತಿ ತಿರುಗುವ ಫ್ಯಾನು ನೋಡಿದಳು. ಹಾರ ಹಾಕಿದ್ದ ಭಾವನ ಫೋಟೊ ನೋಡಿದಳು. "ಈ ಊರಿನಲ್ಲಾ?" ಅಂದಳು. ಅಂದವಳೇ ನಗಲು ಶುರು ಮಾಡಿದಳು. ಸೆರಗು ಬಾಯಿಗೆ ಒತ್ತಿದರೂ ನಗು ನಿಲ್ಲಲಿಲ್ಲ. ನಗುತ್ತ ನಗುತ್ತ ಅಳು ಬಂತು, ತಡೆದಿಟ್ಟದ್ದೆಲ್ಲ ಬಂತು. ನಾವು ಯಾರೂ ಸಮಾಧಾನ ಮಾಡಲು ಹೋಗಲಿಲ್ಲ.

ಭಟ್ಟರು ಪಾಪ, ಕಾದು ಕೂತಿದ್ದರು. ಅವಳ ಅಳು ಸ್ವಲ್ಪ ಇಳಿದ ಮೇಲೆ ಪೆಟ್ಟಿಗೆಯ ಕಡೆ ಕೈ ತೋರಿಸಿ ಮೆಲ್ಲಗೆ ಕೇಳಿದರು: "ಇದೂ ದಾನದ ಸಾಮಾನಾ?"

ಅವರೇ ಯೋಚಿಸಿ ಹೇಳಿದರು: "ಕೊಡಬಹುದು. ಚಳಿಗೆ ಆಗುವಂಥದ್ದು, ಕಂಬಳಿಯ ಲೆಕ್ಕಕ್ಕೆ ಬರುತ್ತದೆ. ಆದರೆ ಇದು ಕೆಲಸ ಮಾಡಬೇಕಾದರೆ ಜೊತೆಗೆ ಕಾರು ಸಹ ಕೊಡಬೇಕಾಗುತ್ತದಲ್ಲ."

ಅಕ್ಕ ಕಣ್ಣು ಒರೆಸಿಕೊಂಡು, ಪೆಟ್ಟಿಗೆಯನ್ನು ತನ್ನ ಕಡೆಗೆ ಎಳೆದುಕೊಂಡಳು.

"ಕಂಬಳಿಯೇ ಸಾಕು ಭಟ್ರೇ. ಚಳಿಯಾದರೆ ಅವರು ಹೇಗೋ ತಡೆದುಕೊಳ್ಳುತ್ತಾರೆ. ಕಾರು ದಾನ ಕೊಟ್ಟೆ ಅಂತ ಗೊತ್ತಾದರೆ ಅರ್ಧ ದಾರಿಯಿಂದ ವಾಪಸ್ ಬರುತ್ತಾರೆ."