ನಕಲು ಮಾಡುವುದಿಲ್ಲವೆಂಬ ಪತ್ರ

ಮೂವತ್ತು ವರ್ಷ ಗುಮಾಸ್ತಿಕೆ ಮಾಡಿದರೂ ಸ್ವಂತ ತಲೆಯಿಂದ ನಾನು ಬರೆದ ಪತ್ರ ಒಂದೋ ಎರಡೋ. ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಹಳೆಯ ಫೈಲು ತೆಗೆ, ಹೆಸರು-ತಾರೀಖು ಬದಲಿಸು, ಸಹಿಗೆ ಕಳಿಸು. ಧಾರವಾಡದಿಂದ ಮುಂಬಯಿಗೆ ಬಂದ ಹೊಸತರಲ್ಲಿ ಹೆಡ್ ಕ್ಲಾರ್ಕರು ಕಲಿಸಿದ ವಿದ್ಯೆ ಇದೊಂದೇ. ಅನ್ನ ಹಾಕಿದ್ದೂ ಇದೇ.

ಕಾಂದಿವಲಿಯ ನಮ್ಮ ಕಾರ್ಖಾನೆಯ ಸ್ಟೀಲ್ ಡಬ್ಬಿಗಳು ಹೋದ ವರ್ಷದಿಂದ ಪರದೇಶಕ್ಕೆ ಹೋಗುತ್ತಿವೆ. ಬೆಳೆಯುತ್ತಿರುವ ದೇಶವೆಂದು ಮರ್ಯಾದೆಗೆ ಕರೆದು ಅಲ್ಲಿಯವರು ನಮಗೆ ಸುಂಕದಲ್ಲಿ ರಿಯಾಯಿತಿ ಕೊಡುತ್ತಾರೆ. ಅದಕ್ಕೊಂದು ಕೊಕ್ಕೆಯೂ ಉಂಟು: ಇನ್ನೊಬ್ಬರ ವಿನ್ಯಾಸ, ಬರಹ, ಬುದ್ಧಿ ಯಾವುದನ್ನೂ ಕದಿಯಬಾರದು. ಹಾಗೆಂದು ಪತ್ರ ಬರೆದುಕೊಡಿ ಎಂದರು ಖರೀದಿದಾರರು. ರಿಯಾಯಿತಿ ತಪ್ಪಿದರೆ ನಮ್ಮ ಡಬ್ಬಿ ದುಬಾರಿ, ಆರ್ಡರ್ ಬಂದ್. ಪಕ್ಕದ ಕಾರ್ಖಾನೆಯ ಉಡುಪಿ ಕಡೆಯ ಶೆಟ್ಟರು ಅವರಿಗೇ ಚಮಚ ಕಳಿಸುವವರು. ಚಹಾ ಕುಡಿಯುತ್ತ ಅವರ ಪತ್ರ ಇಸಿದುಕೊಂಡು, ಓದುವ ಗೋಜಿಗೂ ಹೋಗದೆ, ಹೆಸರು ಬದಲಿಸಿ ಕಳಿಸಿಬಿಟ್ಟೆ.

ನಾಲ್ಕನೇ ದಿನ ನಮ್ಮ ಸೇಠ್ ಕರೆದರು. “ದೇಸಾಯಿಜೀ, ಯೇ ಕ್ಯಾ ಹೈ?” ಎನ್ನುತ್ತ ಖರೀದಿದಾರರ ಉತ್ತರವನ್ನು ನನ್ನ ಮುಂದೆ ತಳ್ಳಿದರು. ಯಾರಿಂದಲೂ ನಕಲು ಮಾಡುವುದಿಲ್ಲವೆಂಬ ಒಂದೇ ಪತ್ರ, ಹೆಸರು ಬಿಟ್ಟರೆ ಒಂದಕ್ಷರವೂ ಬದಲಾಗದೆ, ಎರಡು ಕಂಪನಿಗಳಿಂದ ಬಂದಿದೆಯಂತೆ. ಅಸಲು ಯಾರದೆಂದು ತಿಳಿಯುವವರೆಗೆ ಇಬ್ಬರ ಆರ್ಡರೂ ನಿಲ್ಲಿಸಿದ್ದಾರಂತೆ.

ಶೆಟ್ಟರ ಬಳಿಗೆ ಓಡಿದೆ. “ಶೆಟ್ರ, ಆ ಪತ್ರ ನೀವ ಬರದದ್ದು ಅಂತ ಒಂದು ಮಾತು ಹೇಳಿಬಿಡ್ರಿ. ನಾ ತಪ್ಪು ಒಪ್ಕೋತೀನಿ.”

“ನಾನು ಬರ್ದದ್ದಲ್ಲ ಮಾರಾಯ್ರೆ! ನೀವು ಮೊದ್ಲು ಅಂಧೇರಿ ಆಫೀಸಲ್ಲಿ ಇದ್ದದ್ದಲ್ವಾ? ಅಲ್ಲಿ ನನ್ನ ಭಾವ ಇದ್ದಾರೆ, ಅವರು ಕೊಟ್ಟದ್ದು. ಕೆಳಗೆ ನಿಮ್ಮದೇ ಸಹಿ ಉಂಟು, ನೋಡಿ!” ಎಂದು ಭಾವ ಕೊಟ್ಟ ಹಳೆಯ ಪ್ರತಿಯನ್ನು ಫೈಲಿನಿಂದ ತೆಗೆದು ಕೊಟ್ಟರು.

ನೋಡಿ ದಂಗಾದೆ. ನನ್ನದೇ ಸಹಿ! ಅಂಧೇರಿಯಲ್ಲಿ ಇಂಥದೇ ಪತ್ರ ಬೇಕಾದಾಗ, ಹೆಡ್ ಕ್ಲಾರ್ಕರು ರಜೆಯಲ್ಲಿದ್ದು, ಹಳೆಯ ಫೈಲು ಸಿಗದೆ, ಮೂರು ದಿನ ತಿಣುಕಿ ನಾನೇ ಬರೆದದ್ದು. ಹೆತ್ತ ಕೂಸಿನ ಗುರುತೇ ಹತ್ತಿರಲಿಲ್ಲ! ಗಾಬರಿ ಇಳಿಯುವ ಮೊದಲೇ ಸಿಟ್ಟು ನೆತ್ತಿಗೇರಿತು. “ನನ್ನ ಒಂದು ಮಾತು ಕೇಳದ ತಗೊಂಡ್ರ್ಯಾ? ಇದು ಕಳವು ಅಲ್ಲೇನ್ರೀ?” ಎಂದು ಕೂಗಾಡಿದೆ. ಆ ಸುಂಕದವರ ಕಾನೂನು ಎಷ್ಟು ನ್ಯಾಯವಾದದ್ದೆಂದು ನನಗೆ ಆಗಲೇ ಹೊಳೆದದ್ದು.

ವಿಷಯ ತಿಳಿಸಿದೊಡನೆ ಸೇಠರಿಗೆ ಹೋದ ಜೀವ ಬಂತು. ಪತ್ರ ನಿಮ್ಮ ಸ್ವಂತದ್ದೆಂದು ನಾಲ್ಕು ಸಾಲು ಬರೆದುಕೊಡಿ, ನಾವೂ ಶೆಟ್ಟರೂ ಇಬ್ಬರೂ ಉಳಿಯುತ್ತೇವೆ ಎಂದರು. ಎದೆಯುಬ್ಬಿಸಿ ಕುಳಿತೆ. ಊಟದ ಹೊತ್ತಾದರೂ ಮೊದಲ ಸಾಲು ಹುಟ್ಟಲಿಲ್ಲ. ಕೊನೆಗೆ ಶೆಟ್ಟರಿಗೇ ಫೋನ್ ಮಾಡಿದೆ.

“ಶೆಟ್ರ, ಸಿಟ್ಟಾಗಬ್ಯಾಡ್ರಿ. ‘ಇದು ನನ್ನ ಸ್ವಂತದ್ದು’ ಅನ್ನೂ ಹಳೇ ಪತ್ರ ಯಾವುದಾರ ನಿಮ್ಮ ಫೈಲಿನ್ಯಾಗ ಅದ ಏನ್ರೀ?”